ಕ್ಯಾಸೆಟ್ ನಾವ ಬಿಸಾಡೂಣೇನ್ರಿ?

‘ಕ್ಯಾಸೆಟ್ ನಾವ ಬಿಸಾಡೂಣೇನ್ರಿ, ಇಲ್ಲಾ ನೀವ ಒಯ್ತೀರೋ?’

ಪೆನ್‌ಡ್ರೈವ್ ಕೈಗಿಡುತ್ತಾ ಅಂಗಡಿಯ ಹುಡುಗ ಕೇಳಿದ. ಕೆಟ್ಟವನಲ್ಲ, ಕೆಲಸ ಮುಗಿಸಿ ಟೇಬಲ್ ಖಾಲಿ ಮಾಡಬೇಕಿತ್ತು ಅಷ್ಟೆ. ಅವನ ಹಿಂದೆ ರಟ್ಟಿನ ಡಬ್ಬಿಯೊಂದರಲ್ಲಿ ಹತ್ತಿಪ್ಪತ್ತು ವಿಎಚ್‌ಎಸ್ ಕ್ಯಾಸೆಟ್ಟುಗಳಿದ್ದವು. ಅವುಗಳ ಮಾಲೀಕರು ‘ಬಿಸಾಡ್ರಿ’ ಎಂದು ಹೇಳಿ ಹೋಗಿದ್ದರು. ನಾನು ನನ್ನ ಎರಡನ್ನು ಎತ್ತಿಕೊಂಡು ಬಂದೆ. ಆ ದಿನ ನನಗೂ ಯಾಕೆ ಎಂದು ಗೊತ್ತಿರಲಿಲ್ಲ, ಬರೀ ಜಿಪುಣತನ ಇರಬೇಕು.

ಅವುಗಳಲ್ಲಿ ಇದ್ದದ್ದು ತೊಂಬತ್ತರ ದಶಕದಲ್ಲಿ ನಮ್ಮೂರು ತಳಕಲ್ಲಿನಲ್ಲಿ ನಡೆದ ಒಂದು ದೊಡ್ಡಾಟ. ಮದುವೆ ಶೂಟಿಂಗ್ ಮಾಡುತ್ತಿದ್ದವನೊಬ್ಬ ಭುಜದ ಮೇಲೆ ಕ್ಯಾಮೆರಾ ಹೊತ್ತು, ಒಂದೇ ಒಂದು ದೀಪ ಹಚ್ಚಿಕೊಂಡು, ರಾತ್ರಿಯ ಒಂದಷ್ಟು ಭಾಗವನ್ನು ಹಿಡಿದಿದ್ದ. ಭಾಗವತರಾಗಿ ನಿಂತವರು ನನ್ನ ದೊಡ್ಡಪ್ಪ. ಅವರು ಈಗಿಲ್ಲ. ಅವರ ಧ್ವನಿ ಮತ್ತೆಲ್ಲೂ ಇಲ್ಲ.

ಮನೆಗೆ ಬಂದು ಎಂಪಿ4 ಹಚ್ಚಿದೆ. ಎಲ್ಲರೂ ದಪ್ಪಗಾಗಿದ್ದರು. 4:3ರ ಚಿತ್ರವನ್ನು 16:9ಕ್ಕೆ ಎಳೆದು ತುಂಬಿದ್ದರು. ವೇಷಧಾರಿ ಹಾರಿ ಹೆಜ್ಜೆ ಹಾಕಿದಾಗ ಕಾಲು ಬಾಚಣಿಗೆಯ ಹಲ್ಲಿನಂತೆ ಸೀಳಿ ಕಾಣುತ್ತಿತ್ತು. ಆಮೇಲೆ, ದೊಡ್ಡಪ್ಪ ಏರುಧ್ವನಿಯಲ್ಲಿ ಪದ ಎತ್ತಿಕೊಂಡಲ್ಲಿ, ಪರದೆ ನೀಲಿಯಾಯಿತು. ಧ್ವನಿಯೂ ನಿಂತಿತು. ಸುಮಾರು ಮುಕ್ಕಾಲು ನಿಮಿಷ ನೀಲಿ. ಅಂಗಡಿಗೆ ಫೋನ್ ಮಾಡಿದರೆ ‘ಅಲ್ಲೆ ಟೇಪ್ ಹೋಗೇತ್ರಿ’ ಎಂಬ ಉತ್ತರ ಬಂತು.

ಟೇಪ್ ಹೋಗಿರಲಿಲ್ಲ. ಅದನ್ನು ಓದಿದವನಿಗೆ ಓದಲು ಬರಲಿಲ್ಲ, ಅಷ್ಟೆ. ಈ ಎರಡು ಮಾತಿನ ನಡುವಿನ ವ್ಯತ್ಯಾಸಕ್ಕಾಗಿಯೇ ಈ ಜಗಳ.

ಸಾಹಿತ್ಯದ ಪತ್ರಿಕೆಯಲ್ಲಿ ವಿಸಿಆರ್ ವಿಷಯ ಯಾಕೆ ಎನ್ನುವವರಿಗೆ ನಿಮ್ಮದೇ ಭಾಷೆಯಲ್ಲಿ ಹೇಳುತ್ತೇನೆ. ಬಿ.ಎಲ್. ರೈಸ್ ಪಂಪಭಾರತವನ್ನು 1898ರಲ್ಲಿ ಅಚ್ಚು ಮಾಡಿಸಿದರು. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಅದನ್ನು ಮತ್ತೆ ಸಂಪಾದಿಸಿ ತಂದಿತು. ಆ ನಡುವಿನ 33 ವರ್ಷಗಳಲ್ಲಿ ಯಾರೋ ಒಬ್ಬರು ‘ಅಚ್ಚಾಯಿತಲ್ಲ, ಓಲೆಗರಿ ಬಿಸಾಡೂಣೇನ್ರಿ’ ಎಂದು ಕೇಳಿ, ಮಠಗಳೂ ಬಸದಿಗಳೂ ಹೂಂ ಅಂದಿದ್ದರೆ? ಮೊದಲ ಅಚ್ಚಿನ ತಪ್ಪುಗಳೇ ಪಂಪನ ತಪ್ಪುಗಳಾಗಿ ಉಳಿಯುತ್ತಿದ್ದವು. ನಮ್ಮ ಗ್ರಂಥಸಂಪಾದನೆ ನಿಂತಿರುವುದು ಒಂದು ಸಣ್ಣ ಶಿಸ್ತಿನ ಮೇಲೆ: ಪ್ರತಿ ಬೇರೆ, ಮೂಲ ಬೇರೆ, ಮುಂದೆ ನನಗಿಂತ ಚೆನ್ನಾಗಿ ಓದುವವನು ಬಂದಾನು ಎಂಬ ವಿನಯ. ಓಲೆಗರಿಗೆ ಕೊಟ್ಟ ಈ ಮರ್ಯಾದೆಯನ್ನು ನಾವು ಕ್ಯಾಸೆಟ್ಟಿಗೆ ಕೊಡುತ್ತಿಲ್ಲ. ದೊಡ್ಡಾಟದ ಪ್ರಸಂಗದ ಪಠ್ಯ ಅಚ್ಚಾದರೆ ಜಾನಪದ ಉಳಿಯಿತು ಎಂದು ಭಾಷಣ ಮಾಡುತ್ತೇವೆ. ಪದ ಯಾವ ಮಟ್ಟಿನಲ್ಲಿತ್ತು, ಮದ್ದಳೆ ಎಲ್ಲಿ ತಡೆದು ಬಂತು, ಹೆಜ್ಜೆ ನೆಲಕ್ಕೆ ಬೀಳುವ ಮೊದಲು ಮೈ ಎಷ್ಟು ವಾಲಿತು, ಇದೆಲ್ಲ ಯಾವ ಪುಸ್ತಕದಲ್ಲಿದೆ? ಇದ್ದರೆ ಅಟ್ಟದ ಮೇಲಿನ ಆ ಕಪ್ಪು ಡಬ್ಬಿಯಲ್ಲಿದೆ.

ಆ ಡಬ್ಬಿಯೊಳಗೆ ನಿಜವಾಗಿ ಬರೆದಿರುವುದು ಏನು ಎಂಬುದನ್ನು ಸ್ವಲ್ಪ ತಾಳ್ಮೆಯಿಂದ ನೋಡೋಣ. ಇಲ್ಲಿ ತಾಳ್ಮೆ ಕಳೆದುಕೊಂಡವರೇ ಅಂಗಡಿಯ ಹುಡುಗನಿಗೆ ಹೂಂ ಅನ್ನುವುದು.

ಭಾರತ ಬಳಸಿದ್ದು ಪಾಲ್ ಪದ್ಧತಿ. ಒಂದು ಚಿತ್ರಕ್ಕೆ 625 ಗೆರೆ, ಸೆಕೆಂಡಿಗೆ 25 ಚಿತ್ರ. ಆದರೆ ಪ್ರತಿ ಚಿತ್ರವೂ ಎರಡು ಅರ್ಧಗಳಾಗಿ ಬರುತ್ತದೆ, ಮೊದಲು ಬೆಸ ಗೆರೆಗಳು, ಆಮೇಲೆ ಸರಿ ಗೆರೆಗಳು. ಹಾಗಾಗಿ ಕ್ಯಾಮೆರಾ ಲೋಕವನ್ನು ನೋಡಿದ್ದು ಸೆಕೆಂಡಿಗೆ 50 ಸಲ. ಒಂದು ಗೆರೆಗೆ 64 ಮೈಕ್ರೊಸೆಕೆಂಡ್. ಹಳೆಯ ಆಸಿಲೋಸ್ಕೋಪ್ ಒಂದಿದ್ದರೆ ವಿಸಿಆರ್‌ನ ಹಳದಿ ಸಾಕೆಟ್ಟಿಗೆ ಅದರ ತಂತಿ ಹಚ್ಚಿ ನೋಡಿ. ಮೊದಲು ಒಂದು ಗುಂಡಿ ಕಾಣುತ್ತದೆ, 4.7 ಮೈಕ್ರೊಸೆಕೆಂಡ್ ಅಗಲದ್ದು. ಅದು ‘ಹೊಸ ಗೆರೆ ಶುರು’ ಎಂಬ ಸೂಚನೆ. ಅದರ ಪಕ್ಕದಲ್ಲಿ ಹತ್ತು ಸಣ್ಣ ಅಲೆಗಳ ಒಂದು ಗೊಂಚಲು, ಬಣ್ಣಕ್ಕೆ ಶ್ರುತಿ ಹಿಡಿಯಲು. ತಂಬೂರಿ ಮೀಟಿದ ಹಾಗೆ ಪ್ರತಿ ಗೆರೆಗೂ ಒಮ್ಮೆ ಮೀಟುತ್ತದೆ. ಅದಾದ ಮೇಲೆ ಚಿತ್ರ: ಕಪ್ಪು ಕೆಳಗೆ, ಬಿಳುಪು ಮೇಲೆ, ಒಟ್ಟು ಎತ್ತರ ಒಂದು ವೋಲ್ಟ್. ನನ್ನ ಮಟ್ಟಿಗೆ ಹೇಳುವುದಾದರೆ, ದೊಡ್ಡಪ್ಪನ ಪೇಟ ಒಂದು ಹಸಿರು ಗೆರೆಯಲ್ಲಿ ಏರಿ ಇಳಿಯುವ ದಿಬ್ಬವಾಗಿ ಕಂಡ ಗಳಿಗೆಗೆ ಸಮನಾದದ್ದು ನಾಲ್ಕು ವರ್ಷದ ಎಂಜಿನಿಯರಿಂಗಿನಲ್ಲಿ ಸಿಕ್ಕಿರಲಿಲ್ಲ.

ಆದರೆ ಹಳದಿ ಸಾಕೆಟ್ಟಿನಲ್ಲಿ ಬರುವುದೂ ಮೂಲವಲ್ಲ. ಟೇಪಿನ ಮೇಲೆ ಇದು ಬೇರೆ ರೂಪದಲ್ಲಿದೆ. ಅರ್ಧ ಇಂಚಿನ ಟೇಪು ನಿಧಾನವಾಗಿ ಸಾಗುತ್ತಿರುವಾಗ ಓರೆಯಾಗಿ ಕೂತ ಡ್ರಮ್ಮೊಂದು ಸೆಕೆಂಡಿಗೆ 25 ಸುತ್ತು ತಿರುಗುತ್ತದೆ. ಅದರ ಎರಡು ಹೆಡ್‌ಗಳು ಸರದಿಯಂತೆ ಟೇಪಿನ ಮೇಲೆ ಓರೆ ಪಟ್ಟಿಗಳನ್ನು ಎಳೆಯುತ್ತವೆ. ಒಂದೊಂದು ಪಟ್ಟಿಯೂ ಸೆಕೆಂಡಿನ ಐವತ್ತನೆಯ ಒಂದು ಭಾಗ. ಅದರಲ್ಲಿ ಬೆಳಕು ಆವರ್ತನವಾಗಿ ಕೂತಿದೆ: ಸೂಚನೆಯ ಗುಂಡಿಗೆ 3.8 ಮೆಗಾಹರ್ಟ್ಸ್, ಅಪ್ಪಟ ಬಿಳುಪಿಗೆ 4.8. ಬಣ್ಣ ಅದರ ಕೆಳಗೆ, 627 ಕಿಲೊಹರ್ಟ್ಸ್ ಸುತ್ತ. ಈ ಪಟ್ಟಿಯೇ ನಮ್ಮ ಓಲೆಗರಿ. ವಿಸಿಆರ್ ಲಿಪಿಕಾರ. ಟೇಪು ಹಿಗ್ಗಿ ಗೆರೆಗಳ ಉದ್ದ ಹೆಚ್ಚುಕಡಿಮೆಯಾದರೆ ಅವನು ತೊದಲುತ್ತಾನೆ. ಪುಡಿ ಉದುರಿ ಅಕ್ಷರ ಹಾರಿಹೋದಲ್ಲಿ ಮೇಲಿನ ಸಾಲನ್ನೇ ಮತ್ತೆ ಬರೆದು ಏನೂ ಆಗದವನಂತೆ ಮುಂದೆ ಹೋಗುತ್ತಾನೆ. ತೀರಾ ಓದಲಾಗದಿದ್ದರೆ ನೀಲಿ ಬಳಿದು ಬಾಯಿ ಮುಚ್ಚುತ್ತಾನೆ. ಈ ಲಿಪಿಕಾರ ಬರೆದದ್ದನ್ನು ಅಗ್ಗದ ಯುಎಸ್‌ಬಿ ತುಂಡೊಂದು ನಕಲು ಮಾಡುತ್ತದೆ, ಗೆರೆ ತಪ್ಪಿದಲ್ಲಿ ಇಡೀ ಚಿತ್ರವನ್ನೇ ಹಾರಿಸಿಬಿಡುತ್ತದೆ. ಅದನ್ನು ಎಂಪಿ4 ಹಿಂಡುತ್ತದೆ. ಸೆಕೆಂಡಿಗೆ 50 ಸಲ ನೋಡಿದ್ದು 25 ಆಗುತ್ತದೆ, ಹಾರುಹೆಜ್ಜೆಯ ಅರ್ಧ ಚಲನೆ ಅಲ್ಲೇ ಮಾಯ. ಹೀಗೆ ಮೂರು ಕೈ ದಾಟಿ ಬಂದ ನಕಲನ್ನು ಕೈಗಿಟ್ಟು ಓಲೆಗರಿ ಸುಡೋಣವೇ ಎಂದು ಕೇಳುವುದಕ್ಕೆ ನಾವು ‘ಡಿಜಿಟಲೀಕರಣ’ ಎಂದು ಹೆಸರಿಟ್ಟಿದ್ದೇವೆ.

ಹಾಗಾದರೆ ಲಿಪಿಕಾರನನ್ನು ಬದಿಗಿಟ್ಟು ಓಲೆಗರಿಯನ್ನೇ ಓದಲಾಗದೇ? ಆಗುತ್ತದೆ. ವಿಸಿಆರ್‌ನ ಒಳಗಿನ ಬೋರ್ಡಿನ ಮೇಲೆ, ಹೆಡ್‌ನಿಂದ ಬಂದ ಸಿಗ್ನಲ್ಲು ಹಿಗ್ಗಿದ ಕೂಡಲೇ, ರಿಪೇರಿಯವರಿಗೆಂದು ಬಿಟ್ಟ ಒಂದು ಪರೀಕ್ಷಾ ಬಿಂದು ಇರುತ್ತದೆ. ಅಲ್ಲಿಂದ ಒಂದು ಕೆಪಾಸಿಟರ್ ಮೂಲಕ ತಂತಿ ಹೊರಗೆಳೆದು ಕಂಪ್ಯೂಟರಿಗೆ ಕೊಡಬೇಕು. ಅಲ್ಲಿ ಬೇಕಾದ ಕಾರ್ಡು ಯಾವುದು ಗೊತ್ತೇ? ಹಿಂದೆ ಕಂಪ್ಯೂಟರಿನಲ್ಲಿ ಟಿವಿ ನೋಡಲು ಹಾಕುತ್ತಿದ್ದ, ಕೊನೆಕ್ಸಾಂಟ್ ಸಿಎಕ್ಸ್2388 ಸರಣಿಯ ಚಿಪ್ ಇರುವ, ಈಗ ಗುಜರಿಗೆ ಬಿದ್ದ ಕಾರ್ಡು. ಲಿನಕ್ಸ್‌ನಲ್ಲಿ ಸಿಎಕ್ಸ್‌ಎಡಿಸಿ ಎಂಬ ಡ್ರೈವರ್ ಹಾಕಿದರೆ ಅದು ಟಿವಿ ಕಾರ್ಡಿನ ಕೆಲಸ ಬಿಟ್ಟು ಸೆಕೆಂಡಿಗೆ ಸುಮಾರು 2 ಕೋಟಿ 86 ಲಕ್ಷ ಸಲ ಸಿಗ್ನಲ್ಲನ್ನು ಅಳೆದು, ಏನೂ ತಿದ್ದದೆ ಬರೆದಿಡುತ್ತದೆ. ಶಾಸನದ ಮೇಲೆ ಕಾಗದ ಒತ್ತಿ ಮಸಿ ತಟ್ಟಿ ಪಡಿಯಚ್ಚು ತೆಗೆಯುತ್ತಾರಲ್ಲ, ಥೇಟ್ ಅದೇ. ಓದುವ ಕೆಲಸ ಆಮೇಲೆ. ಅದಕ್ಕೆ ‘ವಿಎಚ್‌ಎಸ್-ಡಿಕೋಡ್’ ಎಂಬ ಮುಕ್ತ ತಂತ್ರಾಂಶವಿದೆ. ಲೇಸರ್ ಡಿಸ್ಕುಗಳಿಗಾಗಿ ಹುಟ್ಟಿದ ‘ಎಲ್‌ಡಿ-ಡಿಕೋಡ್’ನಿಂದ ಬೆಳೆದದ್ದು, ಬಹುಪಾಲು ಹವ್ಯಾಸಿಗಳೇ ಕಟ್ಟಿದ್ದು. ನನಗೆ ಅದರಲ್ಲಿ ಹೆಚ್ಚು ಇಷ್ಟವಾದದ್ದು ಇದು: ಎಲ್ಲಿ ಸಿಗ್ನಲ್ಲು ಇಲ್ಲವೋ ಅಲ್ಲಿ ‘ಇಲ್ಲ’ ಎಂದು ಬೇರೆ ಕಡತದಲ್ಲಿ ಗುರುತು ಹಾಕಿಡುತ್ತದೆ. ತ್ರುಟಿತ ಭಾಗಕ್ಕೆ ಸಂಪಾದಕ ಚುಕ್ಕಿಗಳನ್ನು ಇಡುವಂತೆ.

ಈ ಹುಚ್ಚಿನ ಮೂಲದಲ್ಲೂ ಒಂದು ನೀತಿಪಾಠದಂಥ ಕತೆಯಿದೆ. ಬಿಬಿಸಿ 1986ರಲ್ಲಿ, ಇಂಗ್ಲೆಂಡಿನ 1086ರ ಡೂಮ್ಸ್‌ಡೇ ಪುಸ್ತಕದ ಒಂಬೈನೂರನೇ ವರ್ಷಕ್ಕೆಂದು, ಆ ಕಾಲದ ನಾಡನ್ನೆಲ್ಲ ಲೇಸರ್ ಡಿಸ್ಕಿನಲ್ಲಿ ತುಂಬಿಟ್ಟಿತು. ಹದಿನೈದು ವರ್ಷ ಕಳೆಯುವಷ್ಟರಲ್ಲಿ ಅದನ್ನು ಓದುವ ಯಂತ್ರಗಳೇ ಅಪರೂಪವಾದವು, ಚರ್ಮದ ಹಾಳೆಯ ಹಳೆಯ ಪುಸ್ತಕ ಮಾತ್ರ ಓದಿಸಿಕೊಳ್ಳುತ್ತಲೇ ಇತ್ತು. ಅಮೆರಿಕದವರದು ಇನ್ನೂ ಘೋರ. 1969ರಲ್ಲಿ ಚಂದ್ರನಿಂದ ಬಂದದ್ದು ಸೆಕೆಂಡಿಗೆ 10 ಚಿತ್ರ, 320 ಗೆರೆಯ ವಿಶೇಷ ಸಿಗ್ನಲ್ಲು. ಅದನ್ನು ಮಾಮೂಲಿ ಟಿವಿಗೆ ಒಗ್ಗಿಸಲು ಮಾನಿಟರಿನ ಎದುರು ಇನ್ನೊಂದು ಕ್ಯಾಮೆರಾ ಇಟ್ಟು ಹಿಡಿದು ಜಗತ್ತಿಗೆ ತೋರಿಸಿದರು. ಲೋಕ ನೋಡಿದ ಮಸುಕು ಚಿತ್ರ ಆ ನಕಲಿನದು. ಮೂಲ ಸಿಗ್ನಲ್ಲಿನ ಟೇಪುಗಳನ್ನು ಮುಂದೆ ಅಳಿಸಿ ಮರುಬಳಕೆ ಮಾಡಲಾಯಿತೆಂದು ನಾಸಾ 2009ರಲ್ಲಿ ಒಪ್ಪಿಕೊಂಡಿತು. ಚಂದ್ರನ ಮೇಲಿನ ಮೊದಲ ಹೆಜ್ಜೆಗೇ ಈ ಗತಿಯಾದರೆ ತಳಕಲ್ಲಿನ ದೊಡ್ಡಾಟದ ಹೆಜ್ಜೆಗೆ ಕಾಯುವವರು ಯಾರು?

ಇದಕ್ಕೆ ವಿರುದ್ಧದ ಕತೆಯೂ ಉಂಟು. ಬಿಬಿಸಿಯ ‘ಡ್ಯಾಡ್ಸ್ ಆರ್ಮಿ’ ಸರಣಿಯ ಒಂದು ಕಂತಿನ ಬಣ್ಣದ ಟೇಪು ಅಳಿದು, ಉಳಿದದ್ದು ಕಪ್ಪುಬಿಳುಪು ಫಿಲ್ಮ್ ನಕಲು ಮಾತ್ರ. ಆ ಫಿಲ್ಮಿನ ಮೇಲೆ ಸಣ್ಣ ಚುಕ್ಕಿಗಳ ರಾಡಿ ಇತ್ತು. ಎಲ್ಲರೂ ಅದನ್ನು ಕೊಳೆ ಎಂದುಕೊಂಡಿದ್ದರು. ಅದು ಕೊಳೆಯಾಗಿರಲಿಲ್ಲ, ನಕಲು ತೆಗೆಯುವಾಗ ಸೋಸದೆ ಬಿಟ್ಟ ಬಣ್ಣದ ಸಿಗ್ನಲ್ಲಾಗಿತ್ತು. ಹಟವಾದಿಗಳ ಗುಂಪೊಂದು ಚುಕ್ಕಿಗಳಿಂದಲೇ ಬಣ್ಣವನ್ನು ಮರಳಿ ಪಡೆಯಿತು, 2008ರಲ್ಲಿ ಕಂತು ಬಣ್ಣದಲ್ಲಿ ಪ್ರಸಾರವಾಯಿತು. ಯಾರಾದರೂ ಪುಣ್ಯಾತ್ಮ ಚುಕ್ಕಿಗಳನ್ನು ‘ಕ್ಲೀನ್’ ಮಾಡಿ ಫಿಲ್ಮ್ ಬಿಸಾಡಿದ್ದರೆ ಮುಗಿಯಿತು.

ಈಗ ಅಂಥ ಪುಣ್ಯಾತ್ಮರು ಗಲ್ಲಿಗೊಬ್ಬರು. ‘ಎಐ ಹಾಕಿ ಎಚ್‌ಡಿ ಮಾಡಿಕೊಡ್ತೀವ್ರಿ’ ಎನ್ನುತ್ತಾರೆ. ನಾನೂ ಒಂದು ನಿಮಿಷದ ತುಣುಕನ್ನು ಹಾಕಿ ನೋಡಿದೆ. ದೊಡ್ಡಪ್ಪನ ಕೆನ್ನೆ ನುಣುಪಾಗಿ ಹೊಳೆಯಿತು. ಅವರ ಮುಖದಲ್ಲಿ ಸಿಡುಬಿನ ಕಲೆಗಳಿದ್ದವು, ಹಲ್ಲು ಸ್ವಲ್ಪ ವಾರೆಯಿತ್ತು. ಯಂತ್ರ ಎಲ್ಲವನ್ನೂ ‘ಸರಿಪಡಿಸಿ’ ಯಾರೋ ಚೆಂದದ ಅಪರಿಚಿತನನ್ನು ಕೊಟ್ಟಿತು. ಕವಿ ಬರೆಯದ ಪದ್ಯವನ್ನು ಕಾವ್ಯದೊಳಗೆ ಸೇರಿಸಿದರೆ ಪ್ರಕ್ಷಿಪ್ತ ಎಂದು ನಮ್ಮ ವಿದ್ವಾಂಸರು ಉಗಿಯುತ್ತಾರೆ. ಇಲ್ಲಿ ಮುಖವೇ ಪ್ರಕ್ಷಿಪ್ತ, ನಾವು ಲೈಕ್ ಒತ್ತುತ್ತಿದ್ದೇವೆ.

ನಮ್ಮ ಸೀಮೆಗೆ ಇದು ಯಾಕೆ ಹೆಚ್ಚು ಮುಖ್ಯ ಎಂಬುದಕ್ಕೆ ಒಂದು ಚರಿತ್ರೆಯ ಕಾರಣವಿದೆ. ಕೊಪ್ಪಳ 1997ರವರೆಗೆ ರಾಯಚೂರು ಜಿಲ್ಲೆಯ ಭಾಗ. 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಉಪಗ್ರಹ ಟಿವಿ ಪ್ರಯೋಗಕ್ಕೆ ಆರು ರಾಜ್ಯಗಳ 2,400 ಹಳ್ಳಿಗಳನ್ನು ಆರಿಸಿದಾಗ ಕರ್ನಾಟಕದಿಂದ ತೆಗೆದುಕೊಂಡದ್ದು ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳನ್ನು. ಬೆಂಗಳೂರಿಗೆ ಟಿವಿ ಬರುವ ಮೊದಲೇ ಈ ಹಳ್ಳಿಗಳಿಗೆ ಬಂತು. ಮೂರು ಮೀಟರಿನ ಜಾಲರಿ ಆಂಟೆನಾ, ಮೂವತ್ತಾರು ಸಾವಿರ ಕಿಲೊಮೀಟರ್ ಮೇಲಿನಿಂದ ಇಳಿಯುವ ಸಿಗ್ನಲ್ಲು. ದೊಡ್ಡ ಸಂಗತಿಯೇ. ಆದರೆ ನಾವು ಅಲ್ಲಿ ನೋಡುವವರು. ಕಾರ್ಯಕ್ರಮ ಬೇರೆಲ್ಲೋ ತಯಾರಾಗಿ ಮೇಲಿನಿಂದ ಬೀಳುತ್ತಿತ್ತು. ನಮ್ಮ ಊರು ತಾನೇ ತನ್ನ ಸಿಗ್ನಲ್ಲನ್ನು ಮಾಡಿಕೊಳ್ಳಲು ಶುರುಮಾಡಿದ್ದು ಮದುವೆ ಕ್ಯಾಮೆರಾದವನು ಬಂದಾಗ. ಮದುವೆ, ಜಾತ್ರೆ, ತೇರು, ದೊಡ್ಡಾಟ, ಸತ್ತವರ ದರ್ಶನ. ಯಾವ ಕೇಂದ್ರದ ಸಂಗ್ರಹದಲ್ಲೂ ಇದರ ಪ್ರತಿ ಇಲ್ಲ. ದೂರದರ್ಶನದ ಅನಲಾಗ್ ಗೋಪುರಗಳಲ್ಲಿ ಬಹುಪಾಲು 2022ರ ಹೊತ್ತಿಗೆ ಮೌನವಾದವು. ವಿಸಿಆರ್ ತಯಾರಿಸುತ್ತಿದ್ದ ಕೊನೆಯ ಕಂಪನಿ ಜಪಾನಿನ ಫುನಾಯ್ 2016ರಲ್ಲಿ ನಿಲ್ಲಿಸಿತು. ಉಳಿದ ಯಂತ್ರಗಳ ಹೆಡ್ ಸವೆಯುತ್ತಿದೆ. ನಮ್ಮ ಅಟ್ಟಗಳೋ, ಬೇಸಿಗೆಯಲ್ಲಿ ರೊಟ್ಟಿ ಬೇಯುವಷ್ಟು ಬಿಸಿ.

ಕನ್ನಡದ ತಿರುಳು ಯಾವ ಸೀಮೆಯದು ಎಂದು ಹೇಳುವಾಗ ಕವಿರಾಜಮಾರ್ಗ ಹೆಸರಿಸುವ ನಾಲ್ಕು ಊರುಗಳಲ್ಲಿ ಕೊಪಣವೂ ಒಂದು ಎಂದು ನಾವು ಸಮ್ಮೇಳನಗಳಲ್ಲಿ ಎದೆಯುಬ್ಬಿಸುತ್ತೇವೆ. ಸಂತೋಷ. ಮೋರನಾಳದ ತೊಗಲುಗೊಂಬೆಯ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂದಾಗ ಅವರ ವಯಸ್ಸು ತೊಂಬತ್ತು ದಾಟಿತ್ತು. ಅದೂ ಸಂತೋಷ. ಇವರಂಥ ಎಷ್ಟು ಕಲಾವಿದರು ತೊಂಬತ್ತರ ದಶಕದ ಕ್ಯಾಸೆಟ್ಟುಗಳಲ್ಲಿ ಮೈತುಂಬ ಶಕ್ತಿಯಿಂದ ಆಡುತ್ತಿದ್ದಾರೋ, ಆ ಕ್ಯಾಸೆಟ್ಟುಗಳು ಯಾವ ಅಂಗಡಿಯ ರಟ್ಟಿನ ಡಬ್ಬಿಯಲ್ಲಿವೆಯೋ.

ಎಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರಿಗೆ ಒಂದು ಮಾತು, ಬೈಗುಳ ಎಂದುಕೊಂಡರೂ ಅಡ್ಡಿಯಿಲ್ಲ. ನಮ್ಮ ಊರಲ್ಲೇ ಈಗ ಸರ್ಕಾರಿ ಎಂಜಿನಿಯರಿಂಗ್ ಕಾಲೇಜಿದೆ, ಕುಷ್ಟಗಿ ಕಡೆಗೆ ಹೊಸ ರೈಲು ತಳಕಲ್ಲಿನಿಂದಲೇ ಕವಲೊಡೆಯುತ್ತದೆ, ಅಂದರೆ ಹಳ್ಳಿ ಎಂಬ ನೆಪ ಈಗ ನಡೆಯುವುದಿಲ್ಲ. ನಾಡಿನಾದ್ಯಂತ ಕೊನೆಯ ವರ್ಷದ ಪ್ರಾಜೆಕ್ಟುಗಳನ್ನು ನೋಡುತ್ತೇನೆ. ಗೆರೆ ಹಿಡಿದು ಓಡುವ ರೋಬೊ, ತೇವ ನೋಡಿ ನೀರು ಬಿಡುವ ಪಂಪು. ಬಹಳಷ್ಟು ಅಂಗಡಿಯಲ್ಲಿ ಸಿದ್ಧವಾಗಿ ಸಿಗುವಂಥವು, ವರದಿಯೂ ಜೊತೆಗೇ ಬರುತ್ತದೆ. ಮಾಡ್ಯುಲೇಶನ್, ಫಿಲ್ಟರ್, ಸ್ಯಾಂಪ್ಲಿಂಗ್ ಎಲ್ಲವನ್ನೂ ಬಾಯಿಪಾಠ ಮಾಡಿ ಪಾಸಾಗುತ್ತೀರಿ. ಒಂದು ಕ್ಯಾಸೆಟ್ಟಿನ ಸಿಗ್ನಲ್ಲನ್ನು ಬಿಚ್ಚಿ ನೋಡಿ, ಆ ಮೂರೂ ಪಾಠ ಅಜ್ಜಿಯ ಮದುವೆಯಲ್ಲಿ ಜೀವ ತಳೆದು ನಿಂತಿರುತ್ತವೆ. ಅಶೋಕನ ಹೆಸರನ್ನು ಸ್ಪಷ್ಟವಾಗಿ ಹೇಳುವ ಮಸ್ಕಿ ಶಾಸನ 1915ರಲ್ಲಿ ಕಣ್ಣಿಗೆ ಬಿದ್ದದ್ದು ಚಿನ್ನದ ಅದಿರು ಹುಡುಕುತ್ತಿದ್ದ ಬೀಡನ್ ಎಂಬ ಎಂಜಿನಿಯರಿಗೆ. ಅವನು ಅದನ್ನು ತನ್ನ ಕೆಲಸವಲ್ಲ ಎಂದು ಬಿಟ್ಟುಹೋಗಲಿಲ್ಲ.

ಎದುರು ವಾದ ಗೊತ್ತು, ಅದರಲ್ಲಿ ನಿಜವೂ ಇದೆ. ಹೀಗೆ ಹಿಡಿದ ಕಚ್ಚಾ ಸಿಗ್ನಲ್ಲು ಗಂಟೆಗೆ 100 ಜಿಬಿ ಮೀರುತ್ತದೆ. ನಷ್ಟವಿಲ್ಲದಂತೆ ಕುಗ್ಗಿಸಿದ ಮೇಲೂ ಮೂರು ಗಂಟೆಯ ಒಂದು ಕ್ಯಾಸೆಟ್ಟಿಗೆ ಹಾರ್ಡ್ ಡಿಸ್ಕಿನಲ್ಲಿ ದೊಡ್ಡ ಜಾಗವೇ ಬೇಕು. ಒಂದು ಗಂಟೆಯ ಟೇಪು ಡಿಕೋಡ್ ಆಗಲು ನನ್ನ ಹಳೆಯ ಕಂಪ್ಯೂಟರ್ ರಾತ್ರಿಯೆಲ್ಲ ಏದುಸಿರು ಬಿಡುತ್ತದೆ. ಧ್ವನಿಯದು ಬೇರೆ ದಾರಿ, ಟೇಪಿನ ಅಂಚಿನಲ್ಲಿ ಹೋಗುವುದನ್ನು ಬೇರೆಯಾಗಿ ಹಿಡಿದು ಜೋಡಿಸಬೇಕು. ಎಲ್ಲರ ಮನೆಯ ಎಲ್ಲ ಮದುವೆಗೂ ಇದು ಬೇಡ. ನೋಡಿ ಖುಷಿಪಡಲು ಯುಎಸ್‌ಬಿ ತುಂಡಿನ ನಕಲೇ ಸಾಕು, ಅದನ್ನು ಮಾಡಬೇಡಿ ಎಂದು ನಾನು ಹೇಳುತ್ತಿಲ್ಲ. ಆದರೆ 16:9ಕ್ಕೆ ಎಳೆಯಬೇಡಿ, 50ನ್ನು 25 ಮಾಡಬೇಡಿ, ಬೂಷ್ಟು ಹಿಡಿದ ಟೇಪನ್ನು ತೊಳೆಯದೆ ಯಂತ್ರಕ್ಕೆ ತುರುಕಬೇಡಿ. ನಕಲು ಕೈಗೆ ಬಂದ ಮೇಲೆ ಕ್ಯಾಸೆಟ್ಟನ್ನು ಅಟ್ಟದಿಂದ ಇಳಿಸಿ, ತಂಪಾದ ಒಣ ಕಪಾಟಿನಲ್ಲಿ ನೆಟ್ಟಗೆ ನಿಲ್ಲಿಸಿ. ಇದಕ್ಕೆ ಒಂದು ರೂಪಾಯಿಯೂ ಬೇಡ.

ನೀಲಿಯ ಕೆಳಗೆ ಏನಿತ್ತು ಎಂದು ಕೇಳುತ್ತೀರಿ. ಮೂರನೇ ಸಲದ ಪ್ರಯತ್ನಕ್ಕೆ, ಹೆಡ್ ಒರೆಸಿ, ಟೇಪಿನ ದಾರಿಯನ್ನು ಕೂದಲೆಳೆಯಷ್ಟು ಸರಿಸಿ ಹಿಡಿದಾಗ, ಚಿತ್ರ ಬಂತು. ಮೇಲರ್ಧ ಮಂಜು, ಗೆರೆಗಳು ಗಾಳಿಗೆ ಸಿಕ್ಕ ಜೋಳದ ಹೊಲದಂತೆ ಅಲ್ಲಾಡುತ್ತವೆ. ಮುಖ ಗುರುತು ಸಿಗುವುದಿಲ್ಲ, ಸಿಗುತ್ತದೆ ಎಂದು ಸುಳ್ಳು ಹೇಳಲಾರೆ. ಎರಡು ಕೈ ಕಾಣುತ್ತವೆ, ತಾಳ ಹಿಡಿದವು. ಧ್ವನಿಯನ್ನು ಆಡಿಯೊ ಹೆಡ್‌ನ ಬಳಿಯಿಂದಲೇ ತೆಗೆದೆ. ಪದದ ನಡುವೆ ದೊಡ್ಡಪ್ಪ ಒಂದು ಕಡೆ ತಪ್ಪುತ್ತಾರೆ, ಪಕ್ಕದವರು ಎತ್ತಿಕೊಡುತ್ತಾರೆ, ಅವರು ನಕ್ಕು ಮತ್ತೆ ಶುರುಮಾಡುತ್ತಾರೆ. ಅಚ್ಚಾದ ಯಾವ ಪ್ರಸಂಗದಲ್ಲೂ ಆ ನಗು ಇರಲಾರದು. ದೊಡ್ಡವ್ವನಿಗೆ ಕೇಳಿಸಿದೆ. ‘ಅವಾಗೂ ಅಲ್ಲೇ ತಪ್ಪತಿದ್ರು’ ಅಂದಳು.

ಎರಡನೇ ಕ್ಯಾಸೆಟ್ಟಿನ ಅಂಚಿಗೆ ಬೂಷ್ಟು ಬಂದಿದೆ. ಅದನ್ನು ಬಿಚ್ಚಿ, ಒಣಗಿಸಿ, ಬೇರೆ ಡಬ್ಬಿಗೆ ಸುತ್ತುವ ಕೆಲಸ ಈ ಭಾನುವಾರ. ಅಂಗಡಿಯ ಹುಡುಗನಿಗೂ ಫೋನ್ ಮಾಡಿದ್ದೇನೆ, ಆ ರಟ್ಟಿನ ಡಬ್ಬಿ ಇನ್ನೂ ಅಲ್ಲೇ ಇದೆಯೇ ಎಂದು. ಅರ್ಧ ಖಾಲಿಯಾಗಿದೆಯಂತೆ.